ಮಾವನ ಬ್ಯಾಂಕಿನಲ್ಲಿ ದರೋಡೆ

ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಬಿಳಿಜೋಳದ ರಾಶಿ ಮುಗಿದು ಸುತ್ತಲಿನ ಹೊಲಗಳೆಲ್ಲ ಬೋಳಾಗಿದ್ದವು. ಲಚ್ಯಾಣದ ಬಸಂತರಾಯನ ಲಿಂಬೆ ತೋಟದಲ್ಲಿ ಮಾತ್ರ ಯಾರ ಕೈಗೂ ಬಿಡುವಿರಲಿಲ್ಲ. ಬಿಸಿಲು ಒಂದು ಗೇಣು ಏರಿದರೆ ಲಿಂಬೆಯ ದರ ಒಂದು ಮೊಳ ಏರುವ ದಿನಗಳವು. ಗಂಡಸರು ಉದ್ದನೆಯ ಗಳಕ್ಕೆ ಕೊಕ್ಕೆ ಕಟ್ಟಿ ಕೊಂಬೆ ಜಗ್ಗುತ್ತಿದ್ದರು. ಹೆಂಗಸರು ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲೇ ಸರಿಯುತ್ತ, ಮುಳ್ಳಿಗೆ ಸೆರಗು ಕೊಡದೆ, ಉದುರಿದ ಕಾಯಿ ಆರಿಸಿ ಬುಟ್ಟಿ ತುಂಬುತ್ತಿದ್ದರು. ಸಾವಿರ ಕಾಯಿ ಹಿಡಿಯುವ ಚೀಲಕ್ಕೆ ಅಲ್ಲಿ ಡಾಗು ಎನ್ನುತ್ತಾರೆ. ಹತ್ತು ಗಂಟೆಯೊಳಗೆ ಹನ್ನೆರಡು ಡಾಗು ಬಾಯಿ ಹೊಲಿಸಿಕೊಂಡು ಸಾಲಾಗಿ ನಿಂತಿದ್ದವು.

ಆ ದಿನ ಕಾಯಿ ಹರಿಯುವವರ ನಡುವೆ ಇಬ್ಬರು ದರೋಡೆಕೋರರಿದ್ದರು.

ಒಬ್ಬ ಸಾಲೋಟಗಿಯ ಶ್ರೀಶೈಲ, ಬಸಂತರಾಯನ ಸ್ವಂತ ಅಳಿಯ. ಇನ್ನೊಬ್ಬ ಅವನ ಗೆಳೆಯ, ಸೈಕಲ್ ಅಂಗಡಿಯ ದಿಲಾವರ. ಇಬ್ಬರಿಗೂ ಕರಿ ಪ್ಯಾಂಟು, ಕರಿ ಅಂಗಿ, ಕೊರಳಲ್ಲಿ ಕರಿ ಕರವಸ್ತ್ರ. ಸೊಂಟದಲ್ಲಿ ಬಡಿಗೇರ ಕೆತ್ತಿಕೊಟ್ಟ ಕಟ್ಟಿಗೆಯ ಪಿಸ್ತೂಲು. ದಿಲಾವರ ಕೊಕ್ಕೆ ಎಳೆದಾಗಲೆಲ್ಲ ಅವನ ಪಿಸ್ತೂಲು ಜಾರಿ ಬುಟ್ಟಿಗೆ ಬೀಳುತ್ತಿತ್ತು, ಹೆಂಗಸರು ಕಾಯಿಯ ಜೊತೆ ಅದನ್ನೂ ಎಣಿಸುತ್ತಿದ್ದರು.

ಸಿನೆಮಾ ತೆಗೆಯುವವನು ಇಂಡಿ ಪಟ್ಟಣದ ಬಾಬುಲಾಲ. ಮದುವೆಗಳ ವಿಡಿಯೋ ತೆಗೆದು ತೆಗೆದು ಬೇಸತ್ತ ಮನುಷ್ಯ. ಎರಡು ಸಾವಿರದ ಮೂರನೆಯ ಇಸವಿ, ಓಣಿಗೊಂದು ಸಿಡಿ ಪ್ಲೇಯರ್ ಬಂದಿತ್ತು. ಅಕ್ಷತೆ ಬೀಳುವುದನ್ನೇ ಎಷ್ಟು ವರ್ಷ ತೋರಿಸುವುದು ಎಂದು ಅವನೇ ಒಂದು ಕತೆ ಕಟ್ಟಿದ್ದ. ಇಬ್ಬರು ದರೋಡೆಕೋರರು ಬ್ಯಾಂಕಿಗೆ ನುಗ್ಗುತ್ತಾರೆ, ತಿಜೋರಿ ತೆರೆಯುವುದಿಲ್ಲ, ಹೊರಗೆ ಪೊಲೀಸರು ಬರುತ್ತಾರೆ, ಇಬ್ಬರೂ ಒಳಗೇ ಸಿಕ್ಕಿಬೀಳುತ್ತಾರೆ. ಮೊದಲ ಕತೆಯಲ್ಲಿ ತಿಜೋರಿ ತೆರೆಯುತ್ತಿತ್ತು. ಆದರೆ ತಿಜೋರಿಯಾಗಬೇಕಿದ್ದ ಕಬ್ಬಿಣದ ಕಪಾಟು ಬಸಂತರಾಯನ ಹೆಂಡತಿ ಇಂದುಬಾಯಿಯದು. ಒಳಗೆ ಅವಳ ಇಳಕಲ್ಲ ಸೀರೆಗಳಿದ್ದವು. ಚಾವಿ ಕೊಡುವುದಿಲ್ಲ ಎಂದಳು. ಕತೆ ಬದಲಾಯಿತು.

ಬ್ಯಾಂಕು ಎಂದರೆ ಲಿಂಬೆ ಸೋಸುವ ತಗಡಿನ ಶೆಡ್ಡು. ಹೊಸ ಮನೆಗೆ ತಂದಿಟ್ಟ ಕಿಟಕಿಯ ಜಾಲರಿ ಕ್ಯಾಶಿಯರನ ಕೌಂಟರಾಗಿತ್ತು. ಬಾಗಿಲ ಮೇಲೆ ಬೋರ್ಡು ಬರೆದವನು 'ಬ್ಯಾಂ' ಎನ್ನುವಷ್ಟರಲ್ಲೇ ಹಲಗೆ ಮುಗಿಸಿ, ಉಳಿದ 'ಕು'ವನ್ನು ಮೂಲೆಯಲ್ಲಿ ಇರುವೆಯಷ್ಟು ಮಾಡಿ ತುರುಕಿದ್ದ. ಬಸಂತರಾಯ ಶೆಡ್ಡಿಗೆ ಬಾಡಿಗೆ ಕೇಳಿರಲಿಲ್ಲ. ಷರತ್ತು ಎರಡೇ: ಮ್ಯಾನೇಜರನ ಪಾರ್ಟು ತನಗೆ ಬೇಕು, ತೋಟದ ಕೆಲಸ ನಿಲ್ಲಬಾರದು.

"ಎರಡು ತಾಸು ಕಾಯಿ ಹರೀರಿ," ಎಂದಿದ್ದ ಬೆಳಿಗ್ಗೆ, "ಆಮ್ಯಾಲ ದರೋಡಿ ಮಾಡ್ರಿ."

ಶ್ರೀಶೈಲ ಕೂಡಲೇ ಕೊಕ್ಕೆ ಹಿಡಿದಿದ್ದ. ಮಾವನ ಎದುರು ಅವನು ಮಾತಾಡಿದ್ದೇ ಕಡಿಮೆ. ಮಾತಾಡಬೇಕಾದದ್ದು ಮಾತ್ರ ಒಂದಿತ್ತು, ಮೂರು ವರ್ಷದಿಂದ ಗಂಟಲಲ್ಲಿ ಕೂತಿತ್ತು.

ಅವನ ಮಗಳು ಭಾಗ್ಯಜ್ಯೋತಿಯನ್ನು ತೊಟ್ಟಿಲಿಗೆ ಹಾಕಿದ ದಿನ ಬಸಂತರಾಯ ನೂರು ಮಂದಿಯ ನಡುವೆ ಎದ್ದು ನಿಂತು, "ಮೊಮ್ಮಗಳ ಹಾಲಿಗೆ ಒಂದು ಎಮ್ಮಿ ಕೊಟ್ಟೇನಿ! ಡೊಂಕಕೋಡಿಂದು!" ಎಂದು ಸಾರಿದ್ದ. ಮಂದಿ ಚಪ್ಪಾಳೆ ತಟ್ಟಿದರು. ಎಮ್ಮೆ ಬರಲಿಲ್ಲ. ಭಾಗ್ಯಜ್ಯೋತಿ ಕೂತಳು, ನಿಂತಳು, ಓಡಿದಳು. ಶ್ರೀಶೈಲನ ಹೆಂಡತಿ ಜಯಮಾಲಾ ದಿನಾ ಚೆರಿಗೆ ಹಿಡಿದು ಹುಚ್ಚವ್ವನ ಮನೆಯಿಂದ ಕೊಂಡು ತಂದ ಹಾಲಿನಲ್ಲೇ ಮಗಳು ಬೆಳೆದಳು.

"ನಮ್ಮಪ್ಪ ಮರ್ತಾನ. ನೀವೊಂದು ಮಾತ ಕೇಳ್ರಿ," ಎನ್ನುತ್ತಿದ್ದಳು ಜಯಮಾಲಾ.

"ಮಾವನ ಮುಂದ ನಿಂತು ಎಮ್ಮಿ ಕೊಡ್ರಿ ಅಂತ ಹೆಂಗ ಕೇಳ್ಲಿ? ನೀನ ಕೇಳು."

"ನಾ ಕೇಳಿದ್ರ ತವರ ಮನಿ ಸುಲಿಯಾಕ ಬಂದ್ಲು ಅಂತಾರ. ನಿಮಗ ಬಾಯಿಲ್ಲೇನ್ರಿ?"

ಬಾಯಿತ್ತು. ಆದರೆ ಬಾಯಿಯ ತುದಿಯಲ್ಲಿ ಒಂದು 'ರಿ' ಇತ್ತು. ಅಳಿಯ ಮಾವನಿಗೆ 'ಬರ್ರಿ, ಕುಂದ್ರಿ' ಎನ್ನಬೇಕು. ಮಾವನೂ ಅಳಿಯನಿಗೆ 'ಬರ್ರಿ, ಕುಂದ್ರಿ' ಎನ್ನಬೇಕು. ಇಬ್ಬರ ನಡುವೆ ಹಾಸಿದ ಕಂಬಳಿಯಿದ್ದಂತೆ ಅದು. ಅದರ ಮೇಲೆ ಕೂತು ಉಣ್ಣಬಹುದು, ಎಲೆ ಅಡಿಕೆ ಹಾಕಿಕೊಳ್ಳಬಹುದು, ಮಳೆಯ ಮಾತಾಡಬಹುದು. ಜಗಳ ತೆಗೆಯಲು ಮಾತ್ರ ಬರುವುದಿಲ್ಲ. ಬಾಕಿ ಕೇಳಲು ಅಂತೂ ಬರುವುದೇ ಇಲ್ಲ.

ಇವತ್ತು ಬಂದು ಕೂತಿದ್ದ ಸಂಕಟ ಬೇರೆ. ದರೋಡೆಕೋರರ ಮುಖಂಡ ಶ್ರೀಶೈಲ. ಬಾಬುಲಾಲ ಬರೆದುಕೊಟ್ಟ ಅವನ ಮೊದಲ ಮಾತು: "ಏ ಮ್ಯಾನೇಜರ್, ಕೈ ಮ್ಯಾಲೆತ್ತಲೇ! ಚಾವಿ ಎಲ್ಲೈತಿ, ಬೊಗಳಲೇ!"

ಹತ್ತು ಗಂಟೆಗೆ ಕೊಕ್ಕೆ ಕೆಳಗಿಟ್ಟರು. ಬಸಂತರಾಯ ಸಫಾರಿ ಹಾಕಿ, ಕನ್ನಡಕ ಏರಿಸಿ, ಮೀಸೆಗೆ ಕೊಬ್ಬರಿ ಎಣ್ಣೆ ತೀಡಿಕೊಂಡು ಬಂದು ಮ್ಯಾನೇಜರನ ಕುರ್ಚಿಯಲ್ಲಿ ಕೂತ. ಇಂದುಬಾಯಿ ಗಿರಾಕಿಯಾಗಿ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಪಾಸ್‌ಬುಕ್ಕಿನ ಬದಲು ರೇಷನ್ ಕಾರ್ಡು. ಅವಳು ಅಲ್ಲಿ ಕೂತದ್ದು ನಟಿಸಲಿಕ್ಕಲ್ಲ, ಕಪಾಟು ಕಾಯಲಿಕ್ಕೆ. ಕಾಯಿ ಹರಿಯುವ ಹೆಂಗಸರೆಲ್ಲ ಕಿಟಕಿಗೆ ಜೋತುಬಿದ್ದರು.

ಬಾಬುಲಾಲ ಕ್ಯಾಮರಾ ಹೆಗಲಿಗೇರಿಸಿದ. "ಕೇಳ್ರಿ ಎಲ್ಲಾರೂ. ಇರೂದು ಒಂದ ಬ್ಯಾಟ್ರಿ. ಅದರಾಗ ಅರ್ಧ ತೀರೇತಿ. ತ್ವಾಟಕ್ಕ ಕರೆಂಟ್ ಬರೂದು ರಾತ್ರಿ ಹತ್ತಕ್ಕ. ನಾಳಿಂದ ಒಂದ ವಾರ ನನಗ ಮುದ್ದೇಬಿಹಾಳದಾಗ ಮದವಿ ಅದಾವ. ಆಗೂದಾದ್ರ ಇವತ್ತ, ಇಲ್ಲಂದ್ರ ಇಲ್ಲ. ಹೂಂ, ನುಗ್ಗರಿ!"

ದಿಲಾವರ ಬಾಗಿಲು ಒದ್ದು ನುಗ್ಗಿದ. ಅವನ ಹಿಂದೆ ಶ್ರೀಶೈಲ ಬಂದ. ಹೊಸ್ತಿಲಲ್ಲಿ ನಿಂತು ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಒಳಗೆ ಕಾಲಿಟ್ಟ.

"ಏ ಏ ಏ! ನಿಲ್ರಿ!" ಬಾಬುಲಾಲ ಕ್ಯಾಮರಾ ಇಳಿಸಿದ. "ಯಾವ ಊರಾಗೋ ದರೋಡಿ ಮಾಡವ್ರು ಚಪ್ಪಲಿ ಬಿಟ್ಟು ಬರ್ತಾರ?"

"ಒಳಗ ಲಕ್ಷ್ಮೀ ಫೋಟೋ ಐತಲ್ಲಣ್ಣ."

"ಆ ಲಕ್ಷ್ಮೀನ್ನ ಒಯ್ಯಾಕ ಬಂದೀಯಪಾ ನೀ!"

ಕಿಟಕಿಯಲ್ಲಿ ನಗೆ ಒಡೆಯಿತು. ಎರಡನೆಯ ಸಲ ಚಪ್ಪಲಿ ಸಮೇತ ಬಂದ. ಪಿಸ್ತೂಲು ಎತ್ತಿದ. ಮಾವನ ಮುಖ ನೋಡಿದ.

"ಏ ಮ್ಯಾನೇಜರ್! ಕೈ ಮ್ಯಾಲೆತ್ತ..." ಎಂದು ತಡವರಿಸಿ, "ತ್ರಿ," ಎಂದ.

ಬಸಂತರಾಯನೂ ಅಷ್ಟೇ. ಅಳಿಯನ ದನಿ ಕಿವಿಗೆ ಬಿದ್ದ ಕೂಡಲೇ ಮೈ ತಾನಾಗಿ ಕುರ್ಚಿಯಿಂದ ಎದ್ದಿತು. "ಬರ್ರಿ ಅಳಿಯಂದ್ರ, ಬರ್ರಿ. ಬಿಸಲಾಗ ಬಂದೀರಿ. ಮೊದಲ ನೀರ ಕುಡೀರಿ."

"ಸಾವಕಾರ್ರ!" ಬಾಬುಲಾಲ ತಲೆ ಚಚ್ಚಿಕೊಂಡ. "ಪಿಸ್ತೂಲ ಹಿಡದವಗ ನೀರ ಕೊಡ್ತಾರೇನ್ರಿ?"

"ಪಿಸ್ತೂಲ ಹಿಡೀಲಿ, ಬಂದೂಕ ಹಿಡೀಲಿ, ಮನಿ ಅಳಿಯಾ ಅಳಿಯಾನ," ಎಂದಳು ಇಂದುಬಾಯಿ ಬೆಂಚಿನಿಂದ.

ಮೂರನೆಯ ಸಲ ಶ್ರೀಶೈಲ "ಚಾವಿ ಎಲ್ಲೈತಿ, ಬೊಗಳಲೇ" ಎನ್ನಲು ಹೋಗಿ, "ಚಾವಿ ಎಲ್ಲೈತಂತ ನಿಮಗೇನರ ಗೊತ್ತೈತೇನ್ರಿ?" ಎಂದ. ಹೊರಗೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ಬುಟ್ಟಿಗಳ ಮೇಲೆ ಬಿದ್ದರು. ಒಂದು ಬುಟ್ಟಿ ಉರುಳಿ ಲಿಂಬೆ ಬ್ಯಾಂಕಿನ ತುಂಬ ಓಡಾಡಿದವು.

ಬಾಬುಲಾಲ ಅವನನ್ನು ತೋಳು ಹಿಡಿದು ಹೊರಗೆ ಲಿಂಬೆ ಗಿಡದ ಹತ್ತಿರ ಕರೆದೊಯ್ದ. "ಈ ಗಿಡಕ್ಕ ಅನ್ನು ನೋಡೂಣು."

"ಕೈ ಮ್ಯಾಲೆತ್ತಲೇ!" ಎಂದ ಶ್ರೀಶೈಲ ಗಿಡಕ್ಕೆ. ಗಿಡದಲ್ಲಿದ್ದ ಗುಬ್ಬಿ ಹಾರಿಹೋಯಿತು.

"ಬರೊಬ್ಬರಿ! ದಿಲಾವರಗ ಅನ್ನು."

"ಬೊಗಳಲೇ, ಮಂಗ್ಯಾನ ಮಗನ!"

"ಅದು ಬರದದ್ದರಾಗ ಇಲ್ಲಲೇ," ಎಂದ ದಿಲಾವರ, "ಆದ್ರ ಚಲೋ ಅಂದಿ."

"ಹಂಗಾರ ಮಾವನ ಮುಂದ ಏನ ಧಾಡಿ ನಿನಗ?" ಬಾಬುಲಾಲ ಬೆವರು ಒರೆಸಿಕೊಂಡ. "ನೋಡು ಶ್ರೀಶೈಲ, ಇನ್ನ ಒಂದ ಸಲ ನೋಡ್ತೇನಿ. ಮತ್ತ 'ರಿ' ಅಂದೀ ಅಂದ್ರ ಮುಖಂಡನ ಪಾರ್ಟ್ ದಿಲಾವರಗ. ಅಂವಾ ಫೌಜದಾರಗೂ ಲೇ ಅಂತಾನ."

"ಒಂದ ಸಲ ಅಂದಿದ್ದೆ," ಎಂದ ದಿಲಾವರ ನಾಚಿಕೊಂಡು. "ಆಮ್ಯಾಲ ಒಂದ ವಾರ ಕುಂದ್ರಾಕ ಬರಲಿಲ್ಲ."

ಎರಡು ತಿಂಗಳಿಂದ ಸಾಲೋಟಗಿಯ ಅಗಸಿಕಟ್ಟೆಯಲ್ಲಿ ಶ್ರೀಶೈಲನನ್ನು ಮುಖಂಡ ಎಂದೇ ಕರೆಯುತ್ತಿದ್ದರು. ಜಯಮಾಲಾ ಓಣಿಯ ಪ್ರತಿ ಮನೆಗೂ ಹೋಗಿ, ಸಿಡಿ ಬಂದ ದಿನ ನಮ್ಮಲ್ಲಿಗೇ ಬಂದು ನೋಡಬೇಕು ಎಂದು ಹೇಳಿಬಂದಿದ್ದಳು. ಎಮ್ಮೆಯ ಮಾತಿಗೆ ಬಾಯಿಲ್ಲದವನು ಎನಿಸಿಕೊಂಡದ್ದಾಗಿತ್ತು. ಈಗ ಸಿನೆಮಾದಲ್ಲೂ ಬಾಯಿಲ್ಲ ಎಂದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಮುಖ ಎಂದ ಮೇಲೆ ನೆನಪಾಯಿತು. ಕರವಸ್ತ್ರವನ್ನು ಮೂಗಿನ ಮೇಲಕ್ಕೆ ಎಳೆದು ಬಿಗಿದು ಕಟ್ಟಿಕೊಂಡ. ಬರೀ ಕಣ್ಣು ಉಳಿದವು.

ನಾಲ್ಕನೆಯ ಸಲ ಇಬ್ಬರೂ ನುಗ್ಗಿದರು. ದಿಲಾವರ ಮೂಲೆಯಲ್ಲಿ ನಿಂತು ಗಿರಾಕಿಗಳತ್ತ, ಎಂದರೆ ಇಂದುಬಾಯಿಯತ್ತ, ಪಿಸ್ತೂಲು ಹಿಡಿದ. ಶ್ರೀಶೈಲ ಮೇಜಿನ ಮುಂದೆ ಬಂದು ಕಣ್ಣು ಮುಚ್ಚಿ ಕೂಗಿದ: "ಏ ಮ್ಯಾನೇಜರ್! ಕೈ ಮ್ಯಾಲೆತ್ತು!"

'ಲೇ' ಬರಲಿಲ್ಲ, ಆದರೆ 'ರಿ'ಯೂ ಬರಲಿಲ್ಲ. ಬಾಬುಲಾಲ ಕ್ಯಾಮರಾ ಓಡಿಸುತ್ತಲೇ ಇದ್ದ.

ಬಸಂತರಾಯ ಈ ಸಲ ಏಳಲಿಲ್ಲ. ಮೂರು ಸಲ ಕೂತು ಎದ್ದು ಅವನಿಗೂ ಪಾರ್ಟಿನ ರುಚಿ ಹತ್ತಿತ್ತು. ಕೈ ಎತ್ತಿ, ಎದೆ ಸೆಟೆಸಿ, ಬರೆದುಕೊಟ್ಟ "ಚಾವಿ ನನ್ನ ಹತ್ರ ಇಲ್ಲ" ಎಂಬ ಮಾತನ್ನು ಹೇಳಿದ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಿಟಕಿಯ ತುಂಬ ತನ್ನ ಆಳುಗಳ ಮುಖ ಕಂಡು ಅವನಿಗೆ ಹುರುಪು ಬಂತು. ಮೇಜು ಗುದ್ದಿ ಮುಂದುವರಿಸಿದ:

"ಕೇಳ್ರೋ ಕಳ್ಳರಾ! ಇದು ಬಸಂತರಾಯನ ಬ್ಯಾಂಕ ಐತಿ! ಇಲ್ಲಿ ಯಾರದೂ ಏನೂ ಬಾಕಿ ಇಟ್ಟಿಲ್ಲ! ಬಸಂತರಾಯ ಕೊಟ್ಟ ಮಾತ ಇವತ್ತಿನ ತನಕ ತಪ್ಪಿಲ್ಲ!"

ಕಿಟಕಿಯಲ್ಲಿ ಯಾರೋ "ಹೌದ್ರಿ!" ಎಂದರು.

ಶ್ರೀಶೈಲನಿಗೆ ಆ "ಹೌದ್ರಿ" ಕಿವಿಗೆ ಲಿಂಬೆಮುಳ್ಳು ಚುಚ್ಚಿದ ಹಾಗಾಯಿತು. ಕಣ್ಣಮುಂದೆ ಹುಚ್ಚವ್ವನ ಮನೆ ಬಾಗಿಲು ಬಂತು, ಜಯಮಾಲಾಳ ಚೆರಿಗೆ ಬಂತು. ಬರೆದುಕೊಟ್ಟದ್ದೆಲ್ಲ ಹಾರಿಹೋಯಿತು.

"ಸುಳ್ಳ ಹೇಳಬ್ಯಾಡಲೇ!" ತಗಡು ಝಣಗುಟ್ಟುವಂತೆ ಒದರಿದ. "ಎಮ್ಮಿ ಎಲ್ಲೈತಿ? ಎಮ್ಮಿ ತಗೀಲೇ!"

ಅವನ ಕಾಲು ಬಡಿದು ಉರುಳಿದ ಒಂದು ಲಿಂಬೆ ಗೋಡೆಗೆ ತಾಗಿ ನಿಂತಿತು.

"ಯಾವ... ಯಾವ ಎಮ್ಮಿ?" ಬಸಂತರಾಯನ ಕೈ ತಾವಾಗಿ ಮತ್ತೆ ಮೇಲೆದ್ದವು.

"ಡೊಂಕಕೋಡಿಂದು! ತೊಟ್ಟಲಾ ಹಾಕಿದ ದಿನ ಮಂದ್ಯಾಗ ನಿಂತು ಕೊಟ್ಟೇನಿ ಅಂದೀಯಲ್ಲ, ಆ ಎಮ್ಮಿ! ಮೂರ ವರ್ಷ ಆತು! ನನ್ನ ಮಗಳು ಕಂಡವರ ಮನಿ ಹಾಲ ಕುಡದು ಬೆಳದ್ಲು! ಮಾತ ತಪ್ಪಿಲ್ಲಂತ, ಮಾತ!"

ಬಸಂತರಾಯನ ಮುಖ ಕೆಂಪೇರಿತು. ಕಿಟಕಿಯ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಶ್ರೀಶೈಲನಿಗೆ ಈಗ ತಾನು ಆಡಿದ್ದು ತನಗೇ ಕೇಳಿಸಿತು. ಮಾವ ಎದ್ದು ಕೆನ್ನೆಗೆ ಬಾರಿಸುತ್ತಾನೆ, ಇಲ್ಲವೇ ಇವತ್ತಿಗೆ ಈ ಮನೆಯ ಋಣ ಹರಿಯಿತು ಎಂದುಕೊಂಡ.

ಬಸಂತರಾಯ ಎದ್ದ. ಕೈ ಇಳಿಸಿ ಮೇಜಿನ ಮೇಲೆ ಊರಿದ.

"ಮತ್ತ ಕೇಳಬೇಕಿಲ್ಲೇನೋ, ಖೋಡಿ!" ಎಂದು ಅವನೂ ಒದರಿದ. "ಮೂರ ವರ್ಷ ಬಾಯಾಗ ಏನ ಇಟ್ಕೊಂಡಿದ್ದಿ? ಹಬ್ಬಕ್ಕ ಬಂದಿ, ಹುಣ್ಣಿವಿಗಿ ಬಂದಿ, ಹೋಳಗಿ ಉಂಡಿ, 'ಬರ್ತೇನ್ರಿ ಮಾವಾರ' ಅಂದಿ, ಹ್ವಾದಿ! ಅಳಿಯಾ ದೊಡ್ಡ ಮನಷ್ಯಾ ಅದಾನ, ನಮ್ಮ ಎಮ್ಮಿ ಅವಂಗ ಸೇರೂದಿಲ್ಲೇನೋ ಅಂತ ನಾ ತಿಳ್ಕೊಂಡೆ!"

"ನಾ ಹೆಂಗ ಕೇಳ್ಲಿ? ನೀ ಕೊಡಬೇಕಿಲ್ಲ?"

"ಹೊಡಕೊಂಡು ಹೋಗಬೇಕಿಲ್ಲ ನೀ?"

"ಬಾಬುಲಾಲಣ್ಣ," ಎಂದ ದಿಲಾವರ ಮೂಲೆಯಿಂದ, ತುಟಿ ಅಲುಗಿಸದೆ, "ಕೈ ಸೋತಾವು. ಪಿಸ್ತೂಲ ಇಳಸ್ಲೇನು?"

"ಇಳಸಬ್ಯಾಡಲೇ! ಹಂಗ ಹಿಡಿ!" ಬಾಬುಲಾಲನ ಕಣ್ಣು ಕ್ಯಾಮರಾಕ್ಕೆ ಅಂಟಿಕೊಂಡಿತ್ತು. ಇಂಥ ದರೋಡೆ ಅವನು ಬರೆದಿರಲಿಲ್ಲ. ಬರೆಯಲು ಅವನಿಂದ ಆಗುತ್ತಲೂ ಇರಲಿಲ್ಲ.

ಇಂದುಬಾಯಿ ರೇಷನ್ ಕಾರ್ಡು ಮಡಚಿ ಸೊಂಟಕ್ಕೆ ಸಿಕ್ಕಿಸಿ ಎದ್ದು ಬಂದಳು. "ಎಮ್ಮಿ ಅಷ್ಟ ಹೇಳ್ತೀರಿ ಇಬ್ಬರೂ. ಮೂರ ವರ್ಷದಾಗ ಅದು ಎರಡ ಸಲ ಈದೈತಿ. ಆ ಲೆಕ್ಕ ಯಾರ ಹೇಳವ್ರು?"

"ನೀ ಯಾರ ಕಡಿ?" ಎಂದ ಬಸಂತರಾಯ ದಂಗಾಗಿ.

"ನಾ ಗಿರಾಕಿ. ಬ್ಯಾಂಕಿನ್ಯಾಗ ಇಟ್ಟದ್ದಕ್ಕ ಬಡ್ಡಿ ಹುಟ್ಟೂದಿಲ್ಲೇನು?"

ಕಿಟಕಿಯಿಂದ ಶಿಳ್ಳೆ ಬಂತು. ಶ್ರೀಶೈಲ ಪಿಸ್ತೂಲನ್ನು ಮತ್ತೆ ಎತ್ತಿದ. "ಹೌದ! ಕರಾ ಎರಡೂ ತಗಿ!"

"ಮೂರ ವರ್ಷ ಕಣಿಕಿ ಹಾಕಿದವರ್ಯಾರು? ಹಿಂಡಿ ಹಾಕಿದವರ್ಯಾರು? ನಿಮ್ಮಪ್ಪ ಬಂದು ಹಾಕಿದ್ನೇನು?"

"ಮೂರ ವರ್ಷ ಹಾಲ ಕುಡದವರ್ಯಾರು? ಮೀಸಿ ನೋಡು ಮೀಸಿ, ಹೆಂಗ ಮಿಂಚಾಕತ್ತಾವು!"

"ಅದು ಕೊಬ್ಬರಿ ಎಣ್ಣೀಲೇ!"

ಹೀಗೆ ಚೌಕಾಸಿ ನಡೆಯಿತು. ಅಳಿಯ ಪಿಸ್ತೂಲು ಹಿಡಿದೇ ವಾದ ಮಾಡಿದ, ಮಾವ ಮೇಜು ಗುದ್ದಿಯೇ ಉತ್ತರ ಕೊಟ್ಟ. ನಡುನಡುವೆ ಇಬ್ಬರಿಗೂ ನಗು ಒತ್ತಿ ಬರುತ್ತಿತ್ತು, ಇಬ್ಬರೂ ಅದನ್ನು ಬೈಗುಳವಾಗಿ ಉಗುಳುತ್ತಿದ್ದರು. ಕೊನೆಗೆ ಇಂದುಬಾಯಿ ತೀರ್ಪು ಕೊಟ್ಟಳು. ದೊಡ್ಡ ಕರು ಈಗ ಬೆಳೆದು ಮಣಕವಾಗಿದೆ, ಮೂರು ವರ್ಷದ ಮೇವಿಗೆ ಬದಲಾಗಿ ಅದು ಇಲ್ಲೇ ಉಳಿಯಲಿ. ಎಮ್ಮೆ ಇವತ್ತೇ ಹೋಗಬೇಕು. ಸಣ್ಣ ಕರುವಿಲ್ಲದೆ ಎಮ್ಮೆ ಹಾಲು ಬಿಡುವುದಿಲ್ಲ, ಆದ್ದರಿಂದ ಅದೂ ಹೋಗಬೇಕು.

"ಎರಡೂ ಹ್ವಾದ್ರ ನಾಳಿ ಚಾಕ್ಕ ಹಾಲ?" ಎಂದ ಬಸಂತರಾಯ.

"ಚೆರಿಗಿ ತಗೊಂಡು ಮಂದಿ ಮನಿಗೆ ಹೋಗ್ರಿ. ಮಗಳು ಮೂರ ವರ್ಷ ಹೋಗಿಲ್ಲ?"

ಅಷ್ಟರಲ್ಲಿ ಕ್ಯಾಮರಾ ಒಂದು ಸಲ ಕುಂಯ್‌ಗುಟ್ಟಿ ಆರಿತು. ಬ್ಯಾಟರಿ ಮುಗಿದಿತ್ತು. ದಿಲಾವರ ಪಿಸ್ತೂಲು ಬಿಸಾಕಿ, ತೋಳು ತಿಕ್ಕಿಕೊಳ್ಳುತ್ತ ಬೆಂಚಿನ ಮೇಲೆ ಉರುಳಿದ.

ಮೊದಲ ಕತೆಯಲ್ಲಿ ದರೋಡೆಕೋರರು ಪರಾರಿಯಾಗಬೇಕಿದ್ದ ಗಾಡಿ ಗೈಬುಸಾಬನ ಟೆಂಪೋ. ಇಂಡಿಯ ಮಾರ್ಕೆಟ್ಟಿಗೆ ಲಿಂಬೆ ಒಯ್ಯುವ ಗಾಡಿಯೂ ಅದೇ. ಹನ್ನೆರಡು ಡಾಗು ಏರಿಸಿದ ಮೇಲೆ ಉಳಿದ ಜಾಗದಲ್ಲಿ ಎಮ್ಮೆ ಏರಬೇಕಿತ್ತು. ಎಮ್ಮೆ ಒಲ್ಲೆನೆಂದಿತು. ದಿಲಾವರ ಮುಂದಿನಿಂದ ಜಗ್ಗಿದ, ಬಾಬುಲಾಲ ಹಿಂದಿನಿಂದ ನೂಕಿ ಬಾಲದ ಪೆಟ್ಟು ತಿಂದ.

"ನಾ ಲಿಂಬಿಹಣ್ಣ ಹೊರಾಂವ ಸಾವಕಾರ್ರ," ಎಂದ ಗೈಬುಸಾಬ, "ನಡುವ ದಾರ್ಯಾಗ ಇದು ಒಂದ ಡಾಗ ತಿಂದ್ರ ಯಾರ ಲೆಕ್ಕ?"

"ಎಮ್ಮಿ ಲಿಂಬಿಹಣ್ಣ ತಿಂತೈತೇನೋ?"

"ಸೇರಿದ್ದು ಸೇರದ್ದು ಅದಕ್ಕ ಕೇಳ್ರಿ. ನಂಗೇನ ಗೊತ್ತು?"

ಕರುವನ್ನು ಎತ್ತಿ ಮೊದಲು ಮೇಲಿಟ್ಟ ಕೂಡಲೇ ಎಮ್ಮೆ ಯಾರನ್ನೂ ಕೇಳದೆ ಒಂದೇ ಜಿಗಿತಕ್ಕೆ ಏರಿತು. ಟೆಂಪೋ ಒಂದು ಗೇಣು ಕುಸಿಯಿತು.

ಶ್ರೀಶೈಲ ಕರವಸ್ತ್ರ ಕೆಳಗಿಳಿಸಿದ. ಬೆವರಿದ ಮುಖಕ್ಕೆ ಗಾಳಿ ತಾಗಿದ್ದೇ ತಡ, ಗಂಟಲು ಮತ್ತೆ ಹಳೆಯ ಗಂಟಲಾಯಿತು. ಮಾವನ ಕಾಲು ಮುಟ್ಟಿದ. "ತಪ್ಪಾತ್ರಿ ಮಾವಾರ. ಮಂದ್ಯಾಗ ಬಾಯಿಗೆ ಬಂದಂಗ ಅಂದೆ."

"ಇರ್ಲಿ ಬಿಡ್ರಿ ಅಳಿಯಂದ್ರ," ಎಂದ ಬಸಂತರಾಯ ಸಫಾರಿಯ ಧೂಳು ಕೊಡವುತ್ತ. "ಪಾರ್ಟ್ ಐತಲ್ರಿ. ಚಲೋ ಮಾಡಿದ್ರಿ. ಮನಿ ಮುಟ್ಟಿದ ಮ್ಯಾಲ ಫೋನ್ ಹಚ್ರಿ."

ಟೆಂಪೋ ಹೊರಟಿತು. ಎಮ್ಮೆ ಮತ್ತು ಡಾಗುಗಳ ನಡುವೆ ಶ್ರೀಶೈಲ ಒತ್ತಿ ನಿಂತಿದ್ದ. ಕರು ಅವನ ಕೈಯ ಲಿಂಬೆಮುಳ್ಳಿನ ಗೀರುಗಳನ್ನು ನೆಕ್ಕುತ್ತಿತ್ತು. ಅವನಿಗೆ ಕಾರಣವಿಲ್ಲದೆ ನಗು ಬರುತ್ತಿತ್ತು. ತಡೆದಷ್ಟೂ ಹೆಚ್ಚಾಗಿ, ಕೊನೆಗೆ ಎಮ್ಮೆಯ ಬೆನ್ನಿಗೆ ಹಣೆ ಹಚ್ಚಿ ನಕ್ಕ.

ಗಾಡಿ ತೋಟದ ಬೇಲಿ ದಾಟುವಾಗ ಹಿಂದಿನಿಂದ ಕೂಗು ಕೇಳಿಸಿತು. ಬಸಂತರಾಯ ಧೋತರ ಉಟ್ಟವನಂತೆ ಸಫಾರಿ ಪ್ಯಾಂಟನ್ನೇ ಎತ್ತಿ ಹಿಡಿದು ಓಡಿ ಬರುತ್ತಿದ್ದ.

"ಅಳಿಯಂದ್ರ! ಏ ಅಳಿಯಂದ್ರ! ಕೊಟ್ಟದ್ದು ಎಮ್ಮಿ! ಹಗ್ಗ ಕೊಟ್ಟಿಲ್ರಿ! ದನ ಕೊಟ್ರೂ ಹಗ್ಗ ಕೊಡಬಾರದು, ಮನ್ಯಾಗಿನ ಹಾಲ-ಹೈನ ಹೋಗ್ತೈತಿ! ಹಗ್ಗ ಹೊಳ್ಳಿ ಕಳಸ್ರಿ!"

"ಆತ್ರಿ ಮಾವಾರ!" ಎಂದು ಶ್ರೀಶೈಲ ಕೈ ಎತ್ತಿ ಕೂಗಿದ. "ನಾಳಿಗೇ ಕಳಸ್ತೇನ್ರಿ!"

ಆ ಸುಗ್ಗಿ ಹೋಯಿತು, ಮಳೆಗಾಲ ಬಂತು. ಸಿಡಿಯೂ ಬಂತು. ಸಾಲೋಟಗಿಯ ಓಣಿ ಇಡೀ ಜಯಮಾಲಾಳ ಪಡಸಾಲೆಯಲ್ಲಿ ಕೂತು, ಎಮ್ಮೆಗಾಗಿ ಬ್ಯಾಂಕು ಲೂಟಿ ಮಾಡುವ ಕಳ್ಳನನ್ನು ನೋಡಿ, ಮತ್ತೊಮ್ಮೆ ಹಚ್ಚು ಎಂದು ಮೂರು ಸಲ ನೋಡಿತು. ಪ್ರತಿ ಹಬ್ಬಕ್ಕೂ ಬಸಂತರಾಯ ಎಲೆ ಅಡಿಕೆ ಮುಂದೆ ಸರಿಸುತ್ತ ಕೇಳುತ್ತಾನೆ, "ಆ ಹಗ್ಗ ಒಂದ ಇತ್ತಲ್ರಿ ಅಳಿಯಂದ್ರ?" ಶ್ರೀಶೈಲ ಹೇಳುತ್ತಾನೆ, "ಐತ್ರಿ ಮಾವಾರ, ಮುಂದಿನ ಸಲ ತರ್ತೇನ್ರಿ."

ಹಗ್ಗ ಇನ್ನೂ ಹೋಗಿಲ್ಲ.